ಕವಿಗೋಷ್ಠಿ ಮತ್ತು ಕೇಳುವ ಕಿವಿ

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಗಜೇಂದ್ರಗಡದಲ್ಲಿಯೂ ವರ್ಷಕ್ಕೊಮ್ಮೆ ‘ಪೊಯೆಟ್ರಿ ಸ್ಲ್ಯಾಮ್’ ಎಂಬ ಕಾವ್ಯಸ್ಪರ್ಧೆ ನಡೆಯಬೇಕೆಂದೂ ಅದರ ಬಹುಮಾನದ ಹಣವನ್ನು ತಾವೇ ಕೊಡುವೆವೆಂದೂ ಮುಂದೆ ಬಂದಿದ್ದಾರೆ. ಊರನ್ನು ಬಿಟ್ಟು ಹೋದವರು ಊರಿನ ಶಾಲೆಯನ್ನೂ ಕಾವ್ಯವನ್ನೂ ಒಟ್ಟಿಗೆ ನೆನೆದದ್ದು ಸಂತೋಷದ ಸಂಗತಿ. ಕನ್ನಡ ಪಂಡಿತನಾದ ನನ್ನ ಅಭಿಪ್ರಾಯವನ್ನೂ ಕೇಳಿದ್ದಾರೆ. ಅದನ್ನು ಈ ಸಂಚಿಕೆಯಲ್ಲಿಯೇ ಅರಿಕೆ ಮಾಡಿಕೊಳ್ಳುತ್ತೇನೆ: ಸಭೆ ನಡೆಯಲಿ, ಅಂಕಗಳು ಬೇಡ.

ಈ ಸ್ಪರ್ಧೆಯ ಪರಿಚಯವಿಲ್ಲದ ವಾಚಕರಿಗಾಗಿ ನಾಲ್ಕು ಮಾತು. ಅಮೆರಿಕದ ಶಿಕಾಗೋ ನಗರದಲ್ಲಿ, ಕಟ್ಟಡದ ಕೆಲಸ ಮಾಡಿ ಬದುಕಿದ್ದ ಮಾರ್ಕ್ ಸ್ಮಿತ್ ಎಂಬ ಕವಿಯು 1986ರಲ್ಲಿ ಗ್ರೀನ್ ಮಿಲ್ ಎಂಬ ಪಾನಗೃಹದಲ್ಲಿ ಇದನ್ನು ನೆಲೆಗೊಳಿಸಿದನು. ಕವಿಗೆ ಮೂರು ನಿಮಿಷ. ವಾದ್ಯವಿಲ್ಲ, ವೇಷವಿಲ್ಲ. ಸಭಿಕರೊಳಗಿಂದಲೇ ಐವರನ್ನು ಆರಿಸಿ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿಸುತ್ತಾರೆ. ಎಲ್ಲಕ್ಕಿಂತ ಹೆಚ್ಚಿನದನ್ನೂ ಎಲ್ಲಕ್ಕಿಂತ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಕೂಡಿಸುತ್ತಾರೆ. ಸ್ಲ್ಯಾಮ್ ಎಂದರೆ ಬಾಗಿಲನ್ನು ದಢಾರನೆ ಮುಚ್ಚುವುದೆಂದೂ ಅರ್ಥವುಂಟು. ಎಲ್ಲರಿಗೂ ಬಾಗಿಲು ತೆರೆಯುವ ಸಭೆಗೆ ಈ ಹೆಸರು ಬಂದದ್ದು ವಿನೋದವೇ ಸರಿ! ‘ಓಪನ್ ಮೈಕ್’ ಎಂಬುದು ಇದಕ್ಕಿಂತ ಸೌಮ್ಯವಾದದ್ದು. ಅಲ್ಲಿ ಅಂಕವಿಲ್ಲ, ಹೆಸರು ಬರೆಸಿದವರು ಸರದಿಯಂತೆ ಎದ್ದು ಓದುತ್ತಾರೆ. ಬೆಂಗಳೂರಿನ ಅಟ್ಟ ಗಲಾಟ್ಟ ಎಂಬ ಪುಸ್ತಕದಂಗಡಿಯು ಇಂಥ ಕಾವ್ಯಸಂಜೆಗಳಿಗೆ ಹೆಸರಾಗಿದೆ. 2016ರಲ್ಲಿ ಬೆಂಗಳೂರು ಕಾವ್ಯೋತ್ಸವವು ಆರಂಭವಾದದ್ದೂ ಅದರವರಿಂದಲೇ.

ಇದನ್ನು ಪರದೇಶದ ಹುಚ್ಚೆಂದು ತಳ್ಳಿಹಾಕುವ ಹಿರಿಯರ ಮಾತನ್ನು ನಾನು ಒಪ್ಪುವವನಲ್ಲ. ನಮ್ಮ ಸಮ್ಮೇಳನಗಳ ಕವಿಗೋಷ್ಠಿಗಳ ಸ್ಥಿತಿಯನ್ನು ಕಂಡವರಿಗೆ ಹೊಸಬರ ಬೇಸರವು ಅರ್ಥವಾದೀತು. ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಬರಬೇಕಾದರೆ ಯಾರದಾದರೂ ಶಿಫಾರಸು ಬೇಕು. ವೇದಿಕೆಯ ಮೇಲೆ ಮೂವತ್ತು ಕವಿಗಳು. ಎದುರಿಗೆ ಅವರನ್ನು ಕರೆತಂದವರು. ಉಳಿದವರು ಊಟದ ಪೆಂಡಾಲಿನಲ್ಲಿ. ತನ್ನ ಪದ್ಯವನ್ನು ಓದಿ ಮುಗಿಸಿದ ಕವಿ ಶಾಲು, ಸ್ಮರಣಿಕೆಗಳೊಂದಿಗೆ ಬಸ್ ನಿಲ್ದಾಣದ ದಾರಿ ಹಿಡಿಯುತ್ತಾನೆ. ಇಂಥಲ್ಲಿ, ಯಾರ ಶಿಫಾರಸೂ ಇಲ್ಲದ ಹಳ್ಳಿಯ ಹುಡುಗಿಯೊಬ್ಬಳು ಎದ್ದು ನಿಂತು ತನ್ನ ನಾಲ್ಕು ಸಾಲುಗಳನ್ನು ಹೇಳಲು ಅವಕಾಶವಾಗುವುದಾದರೆ ಅದು ಸ್ವಾಗತಾರ್ಹವೇ. ಓದುಬರಹದ ಹಂಗಿಲ್ಲದೆಯೇ ಕಾವ್ಯವನ್ನು ಬಲ್ಲ ಜನರೆಂದು ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿಯೇ ಕನ್ನಡಿಗರನ್ನು ಕೊಂಡಾಡಿದೆ.

ನನ್ನ ಶಂಕೆ ಇರುವುದು ಬೇರೆಡೆ. ಬಾಯಿ ತೆರೆಯುವವರಿಗೆ ಅನುಕೂಲ ಕಲ್ಪಿಸಿದ ಈ ಸಭೆಗಳು ಕಿವಿ ತೆರೆಯುವವರನ್ನು ಸಿದ್ಧಪಡಿಸುತ್ತಿವೆಯೇ?

ಸ್ಪರ್ಧೆ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಗೀಗೀ ಮೇಳಗಳ ಹರದೇಶಿ-ನಾಗೇಶಿ ಸವಾಲ್-ಜವಾಬನ್ನು ಹಿರಿಯ ವಾಚಕರಿಗೆ ನಾನು ವಿವರಿಸಬೇಕಾಗಿಲ್ಲ. ಕಿರಿಯರಿಗೆ ಹೇಳಲೇಬೇಕಾದ ಕಾಲ ಬಂದಿದೆ. ಒಂದು ಮೇಳ ಗಂಡು ಹೆಚ್ಚೆಂದು ಸಾಧಿಸುತ್ತದೆ, ಇನ್ನೊಂದು ಹೆಣ್ಣು ಹೆಚ್ಚೆಂದು. ದಪ್ಪು, ತುಂತುಣಿ, ತಾಳ, ಇಷ್ಟೇ ಪರಿಕರ. ಒಬ್ಬರು ಪುರಾಣದ ಒಂದು ಗಂಟನ್ನು ಹಾಡಿನಲ್ಲಿಯೇ ಎದುರಿಗಿಟ್ಟರೆ, ಇನ್ನೊಬ್ಬರು ಹಾಡಿನಲ್ಲಿಯೇ ಅದನ್ನು ಬಿಚ್ಚಬೇಕು. ಬಿಚ್ಚಬೇಕಾದರೆ ಮೊದಲು ಕೇಳಬೇಕು. ಎದುರಾಳಿಯ ಒಂದು ಪದ ತಪ್ಪಿಸಿಕೊಂಡರೂ ಉತ್ತರ ಹಳಿ ತಪ್ಪುತ್ತದೆ; ಬೆಳತನಕ ಕುಳಿತ ರೈತ, ನೇಕಾರ, ಕುರುಬ ಎಲ್ಲರೂ ಅದನ್ನು ಕೂಡಲೇ ಗುರುತಿಸಿ ನಗುತ್ತಾರೆ. ಅಲ್ಲಿ ಅಂಕ ಹಾಕಲು ಐವರನ್ನು ಆರಿಸಬೇಕಾಗಿರಲಿಲ್ಲ. ಪಂಡಿತರ ಅವಧಾನದಲ್ಲಿಯೂ ಇದೇ ಮಾತು. ಸಮಸ್ಯೆ, ದತ್ತಪದಿ, ನಿಷೇಧಾಕ್ಷರಿಗಳನ್ನು ಒಡ್ಡುವ ಪೃಚ್ಛಕರು ಕವಿಯ ಒಂದೊಂದು ಪಾದವನ್ನೂ ತೂಗಿ ನೋಡುತ್ತಾರೆ. ನಡುನಡುವೆ ಅಪ್ರಸ್ತುತ ಪ್ರಸಂಗಿ ಬಂದು ಕೆಣಕುತ್ತಾನೆ. 2012ರಲ್ಲಿ ಶತಾವಧಾನಿ ಆರ್. ಗಣೇಶರು ಬೆಂಗಳೂರಿನಲ್ಲಿ ಕನ್ನಡದ ಶತಾವಧಾನವನ್ನು ನಡೆಸಿದಾಗ ಎದುರಿಗೆ ನೂರು ಮಂದಿ ಪೃಚ್ಛಕರಿದ್ದರು. ಕವಿ ಒಬ್ಬ, ಅವನನ್ನು ಕೇಳಬಲ್ಲವರು ನೂರು! ಓಪನ್ ಮೈಕಿನ ಲೆಕ್ಕ ಇದಕ್ಕೆ ತಿರುವುಮುರುವು. ಅಲ್ಲಿ ಕುಳಿತವರೆಲ್ಲ ತಮ್ಮ ಸರದಿಗಾಗಿ ಕಾದಿರುವ ಕವಿಗಳೇ. ಒಬ್ಬನು ಓದುತ್ತಿರುವಾಗ ಮುಂದಿನವನು ಮೊಬೈಲಿನಲ್ಲಿ ತನ್ನ ಪದ್ಯವನ್ನು ತಿದ್ದುತ್ತಿರುತ್ತಾನೆ. ಚಪ್ಪಾಳೆ ಮಾತ್ರ ಎಲ್ಲರಿಗೂ ಸಮಾನ. ನಮ್ಮೂರಿನ ನೇಕಾರರಿಗೆ ಗೊತ್ತು, ಹಾಸು ಬಿಗಿಯಾಗಿಲ್ಲದಿದ್ದರೆ ಹೊಕ್ಕು ಎಷ್ಟು ಬಣ್ಣದ್ದಾದರೂ ಸೀರೆಯಾಗದು.

ಅಂಕದ ವಿಷಯಕ್ಕೆ ಬರುವುದಾದರೆ, ಮೂರು ನಿಮಿಷದಲ್ಲಿ ಗೆಲ್ಲಬೇಕಾದ ಪದ್ಯಕ್ಕೆ ತನ್ನದೇ ಆದ ಒಂದು ಜಾಡು ಬೀಳುತ್ತದೆ. ಮೊದಲ ಸಾಲಿನಲ್ಲಿಯೇ ಸಭೆಯನ್ನು ಹಿಡಿಯಬೇಕು, ಕೊನೆಯ ಸಾಲಿನಲ್ಲಿ ಕೂಗಬೇಕು. ಮೆಲ್ಲಗೆ ಮಾತನಾಡುವ ಕವಿತೆ ಅಲ್ಲಿ ಸೋಲುವುದು ಖಂಡಿತ. 1929ರಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದಲ್ಲಿ ಬೇಂದ್ರೆಯವರು ‘ಹಕ್ಕಿ ಹಾರುತಿದೆ’ ಕವಿತೆಯನ್ನು ವಾಚಿಸಿದರು. ಅದು ನಾಡನ್ನೇ ಸೆರೆಹಿಡಿಯಿತೆಂಬುದು ಎಲ್ಲರೂ ಬಲ್ಲ ಸಂಗತಿ. ಅಂದು ಸಭೆಯಲ್ಲಿ ಐವರು ಕುಳಿತು ಎಂಟೂವರೆಯೋ ಒಂಬತ್ತೋ ಎಂದು ಫಲಕ ಎತ್ತಿದ್ದರೆ ಆ ವಾಚನಕ್ಕೆ ಏನು ಸಂದಂತಾಗುತ್ತಿತ್ತು? ಬಹುಶಃ ಮುಂದಿನವರ ಅಂಕವೆಷ್ಟೆಂಬ ಕುತೂಹಲದಲ್ಲಿ ಹಕ್ಕಿಯೇ ಮರೆತುಹೋಗುತ್ತಿತ್ತು.

ಕೇಳುವುದಕ್ಕೆ ನಮ್ಮಲ್ಲಿ ಒಂದು ಪಾಠಶಾಲೆಯಿತ್ತು. ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಹಚ್ಚುತ್ತಿದ್ದರು. ಭೀಮಕವಿಯ ಬಸವಪುರಾಣವೋ, ಚಾಮರಸನ ಪ್ರಭುಲಿಂಗಲೀಲೆಯೋ. ಒಬ್ಬರು ಷಟ್ಪದಿಯನ್ನು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಬಿಡಿಸುವುದು. ತಿಂಗಳೊಪ್ಪತ್ತು ಹೀಗೆ ಕೇಳಿದ ಅಕ್ಷರ ಬಾರದ ಅಜ್ಜಿಯೂ ಓದುವವನು ಮಾತ್ರೆ ತಪ್ಪಿದರೆ ತಲೆಯೆತ್ತಿ ನೋಡುತ್ತಿದ್ದಳು. ಛಂದಸ್ಸಿನ ಹೆಸರು ಅವಳಿಗೆ ಗೊತ್ತಿರಲಿಲ್ಲ, ಕಿವಿಗೆ ಗೊತ್ತಿತ್ತು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಕಟ್ಟಿದ ಭಾರತವು ಮನೆಮನೆಯಲ್ಲಿ ಉಳಿದದ್ದೂ ಇಂಥ ಕಿವಿಗಳಿಂದ. ಇಂದಿನ ನನ್ನ ತರಗತಿಯಲ್ಲಿ ಸ್ವಂತ ಕವನ ಬರೆಯುವ ಹುಡುಗರು ಏಳೆಂಟು ಮಂದಿ ಇದ್ದಾರೆ, ಚೆನ್ನಾಗಿಯೇ ಬರೆಯುತ್ತಾರೆ. ಬೇರೆಯವರ ಒಂದು ಪದ್ಯವನ್ನು ಪುಸ್ತಕ ನೋಡದೆ ಹೇಳಬಲ್ಲವರನ್ನು ಹುಡುಕಬೇಕಾಗಿದೆ. ಕಂಠಪಾಠವನ್ನು ಗಿಳಿಪಾಠವೆಂದು ಹಳಿದು ಕೈಬಿಟ್ಟುದರ ಫಲವಿದು. ಇದರಲ್ಲಿ ಶಿಕ್ಷಕ ವರ್ಗದ ಪಾಲೂ ಇದೆ ಎನ್ನದೆ ಗತ್ಯಂತರವಿಲ್ಲ.

ಆದುದರಿಂದ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ನನ್ನ ವಿನಂತಿ ಹೀಗಿದೆ. ಶ್ರಾವಣದ ಒಂದು ಶನಿವಾರ ಸಂಜೆ ಶಾಲೆಯ ಅಂಗಳದಲ್ಲಿ ಕಾವ್ಯಸಭೆ ಸೇರಲಿ. ಯಾರು ಬೇಕಾದರೂ ಹೆಸರು ಬರೆಸಲಿ. ವಿದ್ಯಾರ್ಥಿಯೇ ಆಗಬೇಕೆಂಬ ನಿಯಮ ಬೇಡ, ಮಗ್ಗದಿಂದ ಎದ್ದು ಬಂದವರೂ ಆಗಬಹುದು. ಹೇಳುವವನು ಮೊದಲು ಅನ್ಯಕವಿಯ ಒಂದು ಪದ್ಯವನ್ನು ಬಾಯಿಪಾಠವಾಗಿ ಹೇಳಿ, ಅನಂತರ ತನ್ನದನ್ನು ಹೇಳಲಿ. ಅವನ ಹಿಂದೆ ಬರುವವನು ತನ್ನ ಪದ್ಯಕ್ಕೆ ಕೈಹಾಕುವ ಮೊದಲು, ಈಗ ಕೇಳಿದ್ದರಲ್ಲಿ ತನಗೆ ಹಿಡಿಸಿದ ಅಥವಾ ಹಿಡಿಸದ ಒಂದು ಮಾತನ್ನು ಕಾರಣ ಕೊಟ್ಟು ಹೇಳಲಿ. ನಿಮಿಷಗಳ ಲೆಕ್ಕ ಇರಲಿ. ಅದೊಂದನ್ನು ಶಿಕಾಗೋದವರಿಂದ ಧಾರಾಳವಾಗಿ ಕಡ ತರೋಣ. ನಮ್ಮ ಕವಿಗಳಿಗೆ ಅದರ ಅಗತ್ಯ ಹೆಚ್ಚು.

ಬಹುಮಾನಕ್ಕೆಂದು ತೆಗೆದಿಟ್ಟ ಹಣವನ್ನು ಎರಡು ಪಾಲು ಮಾಡಬಹುದು. ಒಂದು ಪಾಲಿನಲ್ಲಿ ಗ್ರಂಥಾಲಯಕ್ಕೆ ಷಟ್ಪದಿ ಕಾವ್ಯಗಳನ್ನೂ ಹೊಸಗನ್ನಡದ ಕವನಸಂಗ್ರಹಗಳನ್ನೂ ತರಿಸುವುದು. ಇನ್ನೊಂದರಲ್ಲಿ ಸುತ್ತಣ ಹಳ್ಳಿಗಳಿಂದ ಎರಡು ಗೀಗೀ ಮೇಳಗಳನ್ನು ಕರೆಸಿ, ಹುಡುಗರ ವಾಚನ ಮುಗಿದ ಮೇಲೆ ಒಂದು ರಾತ್ರಿಯ ಸವಾಲ್-ಜವಾಬ್ ಇಡಿಸುವುದು. ಹಾಡಬಲ್ಲ ಹಿರಿಯರಿಗೆ ವಯಸ್ಸಾಗುತ್ತಿದೆ. ಮುಂದಿನ ವರ್ಷಕ್ಕೆ ತಳ್ಳದೆ ಬರುವ ಶ್ರಾವಣಕ್ಕೇ ದಿನ ಗೊತ್ತುಮಾಡಬೇಕು. ಹುಡುಗರಿಗೆ ಬಾಯಿಪಾಠ ಮಾಡಿಸುವ ಹೊಣೆ ನನ್ನದು.