ಮಾವನ ರಿವಾಲ್ವರಿಗೆ ಯಾವ ಗುಂಡು?

"ಲೋ, ಈ ರಿವಾಲ್ವರ್‌ಗೆ ಇನ್ನೂ ಜೋರಾಗಿರೋ ಗುಂಡು ಸಿಕ್ಕದಾ? ವಸಿ ನೋಡ್ಲಾ..."

ಫೋನ್ ಮಾಡಿದ್ದು ನಮ್ಮ ಸೋದರಮಾವ. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ ಪಕ್ಕದ ಹಳ್ಳಿ, ಅರಿಶಿನ ಈರುಳ್ಳಿ ವ್ಯಾಪಾರ. ಹಿಂದಿನ ವಾರ ಚಾಮರಾಜನಗರದಿಂದ ದುಡ್ಡು ಇಟ್ಟುಕೊಂಡು ರಾತ್ರಿ ವಾಪಸ್ ಬರುವಾಗ ಬೈಕಿನಲ್ಲಿ ಇಬ್ಬರು ಅವರ ಗಾಡಿಯ ಹಿಂದೆಯೇ ಬಂದಿದ್ದರಂತೆ. ಏನೂ ಆಗಲಿಲ್ಲ, ತೆರಕಣಾಂಬಿ ದೀಪ ಕಂಡ ಮೇಲೆ ಬೈಕು ಹಿಂದಕ್ಕೆ ತಿರುಗಿತಂತೆ. ಆದರೆ ಮಾವನ ನಿದ್ದೆ ಹಾರಿಹೋಗಿತ್ತು. ಸೊಂಟದಲ್ಲಿ ಇದ್ದ .32 ರಿವಾಲ್ವರ್ ಅವರಿಗೆ ಇದ್ದಕ್ಕಿದ್ದಂತೆ ಆಟದ ಸಾಮಾನಿನ ಹಾಗೆ ಕಂಡಿದೆ.

ಅದನ್ನ ಅವರು ಕೊಂಡಿದ್ದು 2003ರಲ್ಲಿ. ನಮ್ಮ ಜಿಲ್ಲೆಯವರಿಗೆ ಆ ಕಾಲ ಮರೆಯುವಂಥದ್ದಲ್ಲ. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಅಣ್ಣಾವ್ರನ್ನ ಕರೆದುಕೊಂಡು ಹೋದ ವೀರಪ್ಪನ್, 2002ರ ಆಗಸ್ಟ್ 25ಕ್ಕೆ ಕಾಮಗೆರೆಯಿಂದ ಮಾಜಿ ಮಂತ್ರಿ ನಾಗಪ್ಪನವರನ್ನ ಹೊತ್ತೊಯ್ದ. ಡಿಸೆಂಬರ್‌ನಲ್ಲಿ ಸಿಕ್ಕಿದ್ದು ಅವರ ಹೆಣ. ನಾಲ್ಕು ಕಾಸು ಇದ್ದವರೆಲ್ಲ ಹೆದರಿದ್ದರು. 2004ರ ಅಕ್ಟೋಬರ್ 18ಕ್ಕೆ ವೀರಪ್ಪನ್ ಕಥೆ ಮುಗಿಯಿತು, ಮಾವನ ರಿವಾಲ್ವರ್ ಮಾತ್ರ ಹಾಗೇ ಉಳಿಯಿತು. ಎಲೆಕ್ಷನ್ ಬಂದಾಗ ಸ್ಟೇಷನ್ನಿನಲ್ಲಿ ಠೇವಣಿ ಇಡುವುದು, ಆಯುಧಪೂಜೆಗೆ ಕುಂಕುಮ ಇಡುವುದು. ಈ ಎರಡು ಬಿಟ್ಟರೆ ಅದಕ್ಕೆ ಬೇರೆ ಕೆಲಸವೇ ಇರಲಿಲ್ಲ.

ನಾನು ಬಂದೂಕಿನ ಪಂಡಿತನೇನಲ್ಲ. ಮೈಸೂರಿನ ಒಂದು ಕ್ಲಬ್ಬಿನಲ್ಲಿ ಭಾನುವಾರ ಕಾಗದಕ್ಕೆ ತೂತು ಮಾಡುವವನು ಅಷ್ಟೇ. ಆದರೂ ಈ "ಜೋರು ಗುಂಡು" ಹುಚ್ಚಿನ ಬಗ್ಗೆ ನನ್ನದೊಂದು ಖಚಿತ ಅಭಿಪ್ರಾಯ ಇದೆ. ಹೇಳಿಬಿಡುತ್ತೇನೆ, ಬೈಯುವವರು ಆಮೇಲೆ ಬೈಯಿರಿ :)

ಮೊದಲು ಈ ಗುಂಡು ಎಂಥದ್ದು ನೋಡೋಣ. ನಮ್ಮಲ್ಲಿ ಲೈಸೆನ್ಸಿನ ರಿವಾಲ್ವರ್ ಅಂದರೆ ಸಾಮಾನ್ಯವಾಗಿ .32. ಸೈನ್ಯದವರ 9 ಎಂಎಂ ಜನಸಾಮಾನ್ಯರಿಗೆ ನಿಷಿದ್ಧ. 2014ರಲ್ಲಿ ಕಾನ್ಪುರದಿಂದ ಹೆಂಗಸರಿಗಾಗಿ ಅಂತ ಬಂದ ಅರ್ಧ ಕಿಲೋ ತೂಕದ 'ನಿರ್ಭೀಕ್' ಕೂಡ ಇದೇ, 2023ರಲ್ಲಿ ಬಂದ 'ಪ್ರಬಲ್' ಕೂಡ ಇದೇ. ಕಾಟ್ರಿಜ್‌ನ ಪೂರ್ತಿ ಹೆಸರು .32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್, ಹುಟ್ಟಿದ್ದು 1896ರಲ್ಲಿ. ಆರು ಗ್ರಾಂ ಚಿಲ್ಲರೆ ತೂಕದ ಸೀಸದ ಉಂಡೆ, ಸೆಕೆಂಡಿಗೆ ಸುಮಾರು 215 ಮೀಟರ್ ವೇಗ, ಶಕ್ತಿ 150 ಜೂಲ್ ಆಸುಪಾಸು. ಅದೂ ನಾಲ್ಕಿಂಚಿನ ನಳಿಕೆಯ ಲೆಕ್ಕ, ಮಾವನದು ಮೂರೇ ಇಂಚು. 9 ಎಂಎಂ ಗುಂಡಿನ ಶಕ್ತಿ ಇದರ ಮೂರು ಪಟ್ಟು. ಅಂದರೆ ಮಾವನ ಅನುಮಾನ ತಪ್ಪಲ್ಲ, ಇದು ಪಾಪದ ಗುಂಡೇ.

ಹಾಗಾದರೆ ಮೂತಿಯಲ್ಲಿ ಗುಳಿ ಇರುವ ಗುಂಡು ಹಾಕಿದರೆ? ಮೈಗೆ ಹೊಕ್ಕ ಮೇಲೆ ಹೂವಿನಂತೆ ಅರಳಿ ದೊಡ್ಡ ಗಾಯ ಮಾಡುತ್ತದೆ ಅಂತ ಅಮೆರಿಕದವರು ಹೊಗಳುವ ಗುಂಡು. ಅರಳುವ ಗುಂಡಿಗೆ 'ದಮ್‌ದಮ್' ಅನ್ನುವ ಹೆಸರು ಬಂದಿದ್ದೇ ನಮ್ಮ ಕಲ್ಕತ್ತಾ ಪಕ್ಕದ ಡಮ್‌ಡಮ್ ಕಾರ್ಖಾನೆಯಿಂದ. ಯುದ್ಧದಲ್ಲಿ ಅದು ಬೇಡ ಅಂತ 1899ರಲ್ಲೇ ಹೇಗ್‌ನಲ್ಲಿ ಹಲವು ದೇಶಗಳು ಒಪ್ಪಿಕೊಂಡಿದ್ದವು. ಈಗ ಅಮೆರಿಕದ ಪೊಲೀಸರು ಬಳಸುವುದು ಇದನ್ನೇ. ಆದರೆ ಅರಳಬೇಕಾದರೆ ವೇಗ ಬೇಕಲ್ಲ? ಗಿಡ್ಡ ನಳಿಕೆಯ .32ರಲ್ಲಿ ಆ ವೇಗವೇ ಇಲ್ಲ. ಬಹುಪಾಲು ಅರಳುವುದೇ ಇಲ್ಲ. ಅಕಸ್ಮಾತ್ ಅರಳಿದರೆ ಇದ್ದ ಚೂರುಪಾರು ಶಕ್ತಿಯೂ ಅಲ್ಲೇ ಖರ್ಚಾಗಿ, ಆಳಕ್ಕೆ ಇಳಿಯದೆ ನಿಂತುಬಿಡುತ್ತದೆ. 1986ರ ಮಯಾಮಿ ಗುಂಡಿನ ಕಾಳಗದಲ್ಲಿ ಸಹೋದ್ಯೋಗಿಗಳನ್ನ ಕಳೆದುಕೊಂಡ ಮೇಲೆ ಎಫ್‌ಬಿಐನವರು ಕಲಿತ ಪಾಠವೂ ಇದೇ. ಗುಂಡು ಜೆಲಟಿನ್ ಗಟ್ಟಿಯೊಳಗೆ ಕನಿಷ್ಠ 30 ಸೆಂಟಿಮೀಟರ್ ಇಳಿಯಲೇಬೇಕು, ಉಳಿದದ್ದೆಲ್ಲ ಆಮೇಲೆ.

ಹಾಗಾಗಿ ಸಣ್ಣ ರಿವಾಲ್ವರಿಗೆ ಅರಳದ ಗುಂಡೇ ವಾಸಿ. ಅದರಲ್ಲೂ ಮೂತಿ ಚಪ್ಪಟೆ ಇರುವ ವಾಡ್‌ಕಟರ್ ಇನ್ನೂ ವಾಸಿ. ದುಂಡು ಮೂತಿಯದು ಮಾಂಸವನ್ನ ಸರಿಸಿಕೊಂಡು ನುಗ್ಗಿದರೆ ಇದು ಕತ್ತರಿಸಿಕೊಂಡು ಹೋಗುತ್ತದೆ, ಆಳವೂ ಸಾಕಷ್ಟು. ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯವರು ಹೆಚ್ಚಾಗಿ ಬಳಸುವುದು ಈ .32 ವಾಡ್‌ಕಟರನ್ನೇ. 2006ರ ದೋಹಾ ಏಷ್ಯಾಡಿನಲ್ಲಿ ನಮ್ಮ ಜಸ್ಪಾಲ್ ರಾಣಾ 590 ಅಂಕ ಹೊಡೆದು ವಿಶ್ವದಾಖಲೆ ಸಮ ಮಾಡಿದರಲ್ಲ, ಅದೇ ಸ್ಪರ್ಧೆ. ತೊಂದರೆ ಏನಪ್ಪಾ ಅಂದರೆ ವಾಡ್‌ಕಟರ್ ವಿದೇಶಿ ಸರಕು, ಸಿಕ್ಕುವುದು ಅಪರೂಪ, ಸಿಕ್ಕರೆ ರೇಟು ಕೇಳಿ ತಲೆ ತಿರುಗುತ್ತದೆ. ಸಿಗದಿದ್ದರೆ ದೇಶಿ ದುಂಡು ಸೀಸವೇ ಸೈ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಇನ್ನೊಂದು ವಿಷಯ. ".32 ಕೊಡಿ" ಅಂತಷ್ಟೇ ಕೇಳಬೇಡಿ. .32 ಪಿಸ್ತೂಲಿನ ಗುಂಡು, ಅಂದರೆ 7.65 ಎಂಎಂ, ಬೇರೆ. ರಿವಾಲ್ವರಿನ ಗುಂಡು ಬೇರೆ. ಒಂದು ಇನ್ನೊಂದರಲ್ಲಿ ಹೇಗೋ ಕೂತ ಹಾಗೆ ಕಾಣಬಹುದು, ಆದರೆ ಹಾಗೆ ಬಳಸಬಾರದು. ಅದೇ ವ್ಯಾಸದ, ಉದ್ದ ಜಾಸ್ತಿ ಇರುವ ಮ್ಯಾಗ್ನಮ್ ಗುಂಡನ್ನ ಹಳೇ ರಿವಾಲ್ವರಿಗೆ ತುರುಕುವ ಯೋಚನೆಯನ್ನಂತೂ ಕನಸಿನಲ್ಲೂ ಮಾಡಬಾರದು.

ಇಷ್ಟೆಲ್ಲ ತಲೆಯಲ್ಲಿ ಹೊತ್ತುಕೊಂಡು ಊರಿಗೆ ಹೋದೆ. ಮಾವ ಬೀರು ತೆಗೆದು ಚರ್ಮದ ಪಟ್ಟಿ ಹೊರಗೆ ಇಟ್ಟರು. ಅದರ ಕುಣಿಕೆಗಳಲ್ಲಿ ಹನ್ನೆರಡು ಗುಂಡು. ನೋಡಿ ನನಗೆ ಮಾತೇ ಹೊರಡಲಿಲ್ಲ... ಹಿತ್ತಾಳೆಯ ಮೇಲೆಲ್ಲ ಹಸಿರು ಕಿಲುಬು!

"ಯಾವಾಗ ತಂದದ್ದು ಮಾವ?"

"ಯಾವಾಗ ಅಂದ್ರೆ? ರಿವಾಲ್ವರ್ ಜೊತ್ಗೇಯ. ಚೆನ್ನಾಗ್ ಮಡಗಿವ್ನಿ ಕಣ್ಲಾ, ವರ್ಸಕ್ಕೊಂದ್ಸಲ ಕೊಬ್ಬರಿ ಎಣ್ಣೆ ಹಚ್ತೀನಿ."

ಚರ್ಮ ಹದ ಮಾಡುವ ಒಗರಿನ ರಸ ಹಿತ್ತಾಳೆಗೆ ಶತ್ರು. ಎಣ್ಣೆ ನಿಧಾನಕ್ಕೆ ಒಳಗಿಳಿದು ಕೇಪನ್ನ ಸಾಯಿಸುತ್ತದೆ. ಮಾವ ಎರಡನ್ನೂ ಇಪ್ಪತ್ತು ವರ್ಷ ಶ್ರದ್ಧೆಯಿಂದ ಮಾಡಿದ್ದರು. ಕಿಲುಬಿನ ಗುಂಡುಗಳನ್ನ ಪಕ್ಕಕ್ಕೆ ಇಟ್ಟು, ಸಿಲಿಂಡರಿನಲ್ಲಿದ್ದ ಆರನ್ನ, ನೋಡಲು ಚೆನ್ನಾಗಿಯೇ ಇದ್ದವು, ಕ್ಲಬ್ಬಿನಲ್ಲಿ ಹಾರಿಸಿ ನೋಡೋಣ ಅಂತ ಹೊರಟೆವು.

ಏಳು ಮೀಟರ್ ದೂರದಲ್ಲಿ ಕಾಗದ. ಮೊದಲನೆಯದು ಢಂ ಅಂತು. ಎರಡನೆಯದು ಬರೀ 'ಟಿಕ್'. ನಳಿಕೆ ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾದೆವು (ಕೆಲವೊಮ್ಮೆ ತಡವಾಗಿ ಸಿಡಿಯುತ್ತದೆ, ಅವಸರದಲ್ಲಿ ತೆರೆದು ನೋಡಬಾರದು). ಐದನೆಯದೂ 'ಟಿಕ್'. ಹಾರಿದ ನಾಲ್ಕರಲ್ಲಿ ಕಾಗದ ಮುಟ್ಟಿದ್ದು ಎರಡು. ಮಾವ ಮಾತಾಡಲಿಲ್ಲ. ಬೆವರು ಒರೆಸಿಕೊಂಡು ಬೆಂಚಿನ ಮೇಲೆ ಕೂತರು. ಆ ಬೈಕಿನವರು ಅವತ್ತು ಅಡ್ಡ ಹಾಕಿದ್ದರೆ ಏನಾಗುತ್ತಿತ್ತು ಅನ್ನುವುದು ನಮ್ಮಿಬ್ಬರ ತಲೆಯಲ್ಲೂ ಓಡುತ್ತಿತ್ತು.

ಈಗ ಹೇಳಿ, ಇಲ್ಲಿ ಜೋರು ಗುಂಡು ಏನು ಮಾಡುತ್ತಿತ್ತು? ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುವ ಲೆಕ್ಕದಲ್ಲೇ ವರ್ಷಕ್ಕೊಮ್ಮೆ ಹಳತನ್ನ ಕ್ಲಬ್ಬಿನಲ್ಲಿ ಹಾರಿಸಿ ಹೊಸದು ತರುವುದು, ಅದೇ ಪೆಟ್ಟಿಗೆಯ ಕೆಲವನ್ನ ನಮ್ಮದೇ ರಿವಾಲ್ವರಿನಲ್ಲಿ ಹಾರಿಸಿ ನೋಡುವುದು, ಚರ್ಮದಲ್ಲಿ ಬಿಟ್ಟು ಒಣ ಡಬ್ಬಿಯಲ್ಲಿ ಇಡುವುದು. ನನ್ನ ಪ್ರಕಾರ ಗುಂಡಿನ ಆಯ್ಕೆ ಅಂದರೆ ನೂರಕ್ಕೆ ತೊಂಬತ್ತು ಪಾಲು ಇಷ್ಟೇ. ದುಂಡು ಮೂತಿಯೋ ಚಪ್ಪಟೆ ಮೂತಿಯೋ ಅನ್ನುವ ಜಗಳ ಉಳಿದ ಹತ್ತರಲ್ಲಿ.

ವಾಪಸ್ ಬರುವಾಗ ಮಾವ ಇನ್ನೊಂದು ಕೇಳಿದರು. "ಹಂದಿ ಗಿಂದಿಗಾದ್ರೂ ಆಯ್ತದಾ?" ಈ ಆಸೆ ನಮ್ಮ ಕಡೆ ಬಹಳ ಜನಕ್ಕಿದೆ. 2019ರ ಅಕ್ಟೋಬರ್‌ನಲ್ಲಿ ಚೌಡಹಳ್ಳಿ ಹುಂಡೀಪುರದ ಕಡೆ ಇಬ್ಬರು ರೈತರನ್ನ ಕೊಂದ ಹುಲಿಯನ್ನ ಅರಿವಳಿಕೆ ಕೊಟ್ಟು ಹಿಡಿದಾಗಲೂ "ಒಂದು ರಿವಾಲ್ವರ್ ಇದ್ದಿದ್ದರೆ" ಅಂದವರನ್ನ ಕಂಡಿದ್ದೇನೆ. 150 ಜೂಲಿನಲ್ಲಿ ಹಂದಿ ರೇಗುತ್ತದೆ ಅಷ್ಟೇ, ಹುಲಿ ಆನೆ ಮಾತು ಬಿಡಿ. ಬೆಳೆ ಕಾಯಲು ಅಂತ 1959ರ ಆಯುಧ ಕಾಯ್ದೆಯ 13ನೇ ಕಲಮಿನಲ್ಲಿ ಹೇಳಿರುವುದು ಮೂತಿಯಿಂದ ಮದ್ದು ತುಂಬುವ ಕೋವಿಯನ್ನ, ರಿವಾಲ್ವರನ್ನಲ್ಲ. ಅದೂ ಬಂಡೀಪುರದ 10 ಕಿಲೋಮೀಟರ್ ಒಳಗಿನವರಿಗೆ ಹೊಸ ಲೈಸೆನ್ಸ್ ಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಕಾಲಿಡುವುದೇ ಅಪರಾಧ. ಇನ್ನು ಈರುಳ್ಳಿ ಲೋಡಿನ ಹಿಂದೆ ಮೂಲೆಹೊಳೆ ದಾಟಿ ಸುಲ್ತಾನ್ ಬತ್ತೇರಿಗೆ ಹೋಗುವಾಗ, ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ ಇದ್ದರೆ, ಸೊಂಟದಲ್ಲಿರುವ ರಿವಾಲ್ವರ್ರೇ ಜೈಲಿಗೆ ದಾರಿ. ಮಾವ ಎಷ್ಟು ಸಲ ಹಾಗೆ ಹೋಗಿದ್ದರೋ, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮುಂದಿನ ವಾರ ಮೈಸೂರಿನಲ್ಲಿ ಒಂದು ಪೆಟ್ಟಿಗೆ ಹೊಸ ದುಂಡು ಸೀಸ ತಂದೆವು, ಲೈಸೆನ್ಸಿನಲ್ಲಿ ನಮೂದಾಯಿತು. ಅವತ್ತು ಕ್ಲಬ್ಬಿನಲ್ಲಿ ಹಾರಿಸಿದ ಹನ್ನೆರಡೂ ಸಿಡಿದವು, ಕಾಗದಕ್ಕೆ ಬಿದ್ದದ್ದು ಒಂಬತ್ತು. ಅರಿಶಿನದ ದುಡ್ಡನ್ನ ಈಗ ಮಾವನ ಮಗ ಆದಷ್ಟೂ ಬ್ಯಾಂಕಿಗೇ ಹಾಕಿಸಿಕೊಳ್ಳುತ್ತಾನೆ. ಕಿಲುಬು ಹಿಡಿದವನ್ನ ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತಗೊಂಡೆವು. ಚರ್ಮದ ಪಟ್ಟಿಯನ್ನ ಮಾತ್ರ ಅತ್ತೆ ಬಿಸಾಡಲು ಬಿಡಲಿಲ್ಲ, ಅದು ಈಗ ಕೊಟ್ಟಿಗೆಯ ಕರುವಿನ ಕೊರಳಲ್ಲಿ ಗಂಟೆ ಕಟ್ಟಿಕೊಂಡು ಓಡಾಡುತ್ತಿದೆ.