ಅನ್ನ ಹಾಕುವ ಕೈಗೆ ಇನ್ನೊಂದು ಕೆಲಸ

ಪ್ರಾಣಿದಯಾ ಸಂಘಗಳಲ್ಲಿ ಸ್ವಯಂಸೇವಕರ ದುಡಿಮೆಯ ದೊಡ್ಡ ಪಾಲು ಬೀದಿ ನಾಯಿಗಳಿಗೇ ಮೀಸಲು. ಗಾಯಗೊಂಡ ನಾಯಿಯನ್ನು ಚಿಕಿತ್ಸೆಗೆ ಒಯ್ಯುವುದು, ಗೂಡು ತೊಳೆಯುವುದು, ಮರಿಗಳಿಗೆ ಮನೆ ಹುಡುಕುವುದು ಎಲ್ಲವೂ ಇದರಲ್ಲಿ ಸೇರಿದೆ. ಆದರೆ ನಾಯಿಗೂ ಊರಿಗೂ ಒಟ್ಟಿಗೆ ಒಳಿತಾಗುವ ಕೆಲಸವೆಂದರೆ ಸಂತಾನಹರಣ ಚಿಕಿತ್ಸೆಗೂ ರೇಬಿಸ್ ಲಸಿಕೆಗೂ ನೆರವಾಗುವುದು.

ಈ ದಾರಿಗೆ ದೇಶದಲ್ಲಿ ಹಳೆಯ ಬೇರಿದೆ. ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ನಡೆಸಿದ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಹುಟ್ಟಿದಾಗ ಅವರೇ ಮೊದಲ ಅಧ್ಯಕ್ಷೆ. ಮದ್ರಾಸಿನ ಬ್ಲೂ ಕ್ರಾಸ್ ಸಂಸ್ಥೆ ನಾಯಿಗಳನ್ನು ಕೊಲ್ಲುವ ಬದಲು ಸಂತಾನಹರಣ ಮಾಡಬೇಕೆಂದು 1960ರ ದಶಕದಿಂದಲೇ ವಾದಿಸಿತು. ಅಲ್ಲಿನ ಪಾಲಿಕೆ ಅದನ್ನು ಒಪ್ಪಿದ್ದು 1996ರಲ್ಲಿ. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಕ್ಯೂಪಾ ಎಂಬ ಪ್ರಾಣಿದಯಾ ಸಂಸ್ಥೆಯನ್ನು ಕಟ್ಟಿದರು. 2001ರಲ್ಲಿ ನಾಯಿಗಳ ಸಂತಾನಹರಣದ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳು ಬಂದವು. 2023ರಲ್ಲಿ ಹೊಸ ನಿಯಮಗಳು ಅವುಗಳ ಜಾಗಕ್ಕೆ ಬಂದವು.

ಹಿಡಿದ ನಾಯಿಯನ್ನು ಚಿಕಿತ್ಸೆ, ಲಸಿಕೆಯ ಬಳಿಕ ಅದೇ ಬೀದಿಗೆ ಮರಳಿಸುವುದು ಈ ಕ್ರಮದ ತಿರುಳು. ಪ್ರತಿ ನಾಯಿಗುಂಪಿಗೂ ತನ್ನದೇ ಎಲ್ಲೆ ಇರುತ್ತದೆ. ಆ ಗುಂಪನ್ನು ಎತ್ತಿ ಒಯ್ದರೆ, ಕಸ ತುಂಬಿದ ಬೀದಿಗೆ ಲಸಿಕೆ ಕಾಣದ ಹೊಸ ನಾಯಿಗಳು ಬರುತ್ತವೆ. ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಸಿಕ್ಕರೆ ರೇಬಿಸ್ ಹರಡುವ ಸರಪಳಿ ಕಡಿಯುತ್ತದೆ. ಅದೇ ಬೀದಿಗೆ ಮರಳಿಸುವ ಕ್ರಮಕ್ಕೊಂದು ಹೊರತೂ ಇದೆ: ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಆವರಣಗಳಲ್ಲಿ ಹಿಡಿದ ನಾಯಿಗಳನ್ನು ಅಲ್ಲಿಗೆ ಮರಳಿಸಬಾರದೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು.

ಸ್ವಯಂಸೇವಕರ ಬೆಲೆ ತಿಳಿಯುವುದು ನಾಯಿ ಹಿಡಿಯುವ ಹೊತ್ತಿನಲ್ಲಿ. ವ್ಯಾನಿನ ಸದ್ದು ಕೇಳಿದೊಡನೆ ಬೀದಿಯ ನಾಯಿಗಳು ಚದುರುತ್ತವೆ. ದಿನವೂ ಅನ್ನ ಹಾಕುವವರು ಕರೆದರೆ ಹತ್ತಿರ ಬರುತ್ತವೆ. ಯಾವುದು ಗಬ್ಬವಾಗಿದೆ, ಯಾವುದು ಮರಿಗಳಿಗೆ ಹಾಲೂಡಿಸುತ್ತಿದೆ, ಯಾವುದರ ಕಿವಿಯಲ್ಲಿ ಚಿಕಿತ್ಸೆಯ ಗುರುತಿನ ಕಚ್ಚು ಇನ್ನೂ ಇಲ್ಲ ಎಂಬುದು ಅವರಿಗೇ ಗೊತ್ತು. ಹಿಡಿದ ಜಾಗ, ದಿನ ಬರೆದು, ಫೋಟೊ ತೆಗೆದಿಟ್ಟರೆ ನಾಯಿ ತಪ್ಪು ಬೀದಿ ಸೇರುವುದಿಲ್ಲ.

ಹಾಗಾಗಿ ಅನ್ನ ಹಾಕುವುದನ್ನೂ ಸಂತಾನಹರಣವನ್ನೂ ಬೇರೆ ಬೇರೆಯಾಗಿ ನೋಡುವುದು ತಪ್ಪು. ಬರೀ ಅನ್ನ ಹಾಕಿದರೆ ಬದುಕುಳಿಯುವ ಮರಿಗಳು ಹೆಚ್ಚುತ್ತವೆ, ನೆರೆಹೊರೆಯ ಜಗಳವೂ ಹೆಚ್ಚುತ್ತದೆ. ಮಕ್ಕಳು ಆಡುವ ಜಾಗ, ಮೆಟ್ಟಿಲು, ಬಾಗಿಲುಗಳಿಂದ ದೂರದಲ್ಲಿ ಅನ್ನ ಹಾಕಬೇಕೆಂದು 2023ರ ನಿಯಮಗಳೇ ಹೇಳುತ್ತವೆ. ಸಂಘಗಳು ಹೊಸಬರನ್ನು ಸೇರಿಸಿಕೊಳ್ಳುವಾಗಲೇ ಒಬ್ಬೊಬ್ಬರಿಗೆ ಒಂದೊಂದು ಬೀದಿಯ ಲೆಕ್ಕ ಒಪ್ಪಿಸುವುದು ಒಳ್ಳೆಯದು.

ಈ ಕೆಲಸಕ್ಕೆ ಇಳಿಯುವವರು ಮುಂಚೆಯೇ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು. ಕಚ್ಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ಗಾಯ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ.

ಸಂತಾನಹರಣ ಒಂದೇ ಸಲದ ಕೆಲಸ. ಲಸಿಕೆ ಹಾಗಲ್ಲ, ಅದನ್ನು ಕಾಲಕಾಲಕ್ಕೆ ಮತ್ತೆ ಹಾಕಿಸಬೇಕು. ಮುಂದಿನ ವರ್ಷವೂ ಅದೇ ಬೀದಿಯಲ್ಲಿ ಅದೇ ನಾಯಿಯನ್ನು ಹೆಸರು ಹಿಡಿದು ಕರೆಯಬಲ್ಲವರಿದ್ದರೆ ಆ ಕೆಲಸ ಸಲೀಸು.