ರೊಟ್ಟಿಗೂ ದಂಡ ಹಾಕ್ತೀರಾ?

ನಮ್ಮ ಕನ್ನಡ ಬಳಗದಲ್ಲಿ ಒಂದು ರೂಲ್ ಇದೆ: ಮಾತಿನ ನಡುವೆ ಬೇರೆ ಭಾಷೆಯ ಪದ ಬಂದರೆ 10 ರೂಪಾಯಿ ದಂಡ. 'ರೂಲ್' ಅಂದಿದ್ದಕ್ಕೆ ನಾವು ಆಗಲೇ 10 ರೂಪಾಯಿ ಬಾಕಿ!

ಹಾಗಾದರೆ ಕಲಬುರಗಿಯಲ್ಲಿ ಊಟಕ್ಕೆ ಕೂತವರ ಗತಿಯೇನು? 'ರೊಟ್ಟಿ' ಹಿಂದಿಯ ರೋಟಿ, ಸಂಸ್ಕೃತದ ರೋಟಿಕಾ ಇವುಗಳ ಬಳಗದ್ದು. 'ಕಡಕ್' ಹಿಂದಿ-ಮರಾಠಿ ಕಡೆಯದು. ಹೋಟೆಲಿನ 'ನಾನ್' ಪರ್ಷಿಯನ್ ಪದ, ಅಲ್ಲಿ ಅದರರ್ಥ ಬರೀ ರೊಟ್ಟಿ. ಪಾವ್ ಭಾಜಿಯ 'ಪಾವ್' ಪೋರ್ಚುಗೀಸರದು, ಅರ್ಥ ಮತ್ತೆ ಅದೇ. ಇಂಗ್ಲಿಷಿನವರೂ 'ಬೇಗಲ್' ಅನ್ನೋ ದುಂಡನೆಯ, ನಡುವೆ ತೂತಿರುವ ಬ್ರೆಡ್ಡಿನ ಹೆಸರನ್ನು ಯಹೂದಿಗಳ ಯಿಡ್ಡಿಶ್ ಭಾಷೆಯಿಂದ ತಗೊಂಡರು. ಅದರ ಮೂಲದಲ್ಲಿರುವುದು ಬಳೆ, ಉಂಗುರ ಎಂಬ ಅರ್ಥ. ಅದರಿಂದ ಇಂಗ್ಲಿಷೇನೂ ಬಡವಾಗಲಿಲ್ಲ.

ಕಳೆದ ರಜೆಯಲ್ಲಿ ಕಮಲಾಪುರದ ಗೆಳತಿಯ ಮನೆಗೆ ಹೋಗಿದ್ದೆವು. ರೊಟ್ಟಿ ಬಡಿಯುತ್ತಿದ್ದ ಅವಳ ಆಯಿ ಹಿಟ್ಟನ್ನು ನಮ್ಮ ಮುಂದಿಟ್ಟು, "ಛಲೋ ನಾದ್ರಿ, ಇಲ್ಲಂದ್ರ ರೊಟ್ಟಿ ಹರಿತದ" ಅಂದರು. ನಾವು ಮುಖ ಮುಖ ನೋಡಿಕೊಂಡೆವು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗ್ಯಾರಿಗೂ 'ನಾದು' ಅಂದರೇನು ಅಂತ ಗೊತ್ತಿರಲಿಲ್ಲ. ಅಚ್ಚಗನ್ನಡದ ಪದ ಅದು. ಯಾವ ಪರಭಾಷೆಯೂ ಅದನ್ನು ನಮ್ಮಿಂದ ಕಿತ್ತುಕೊಂಡಿರಲಿಲ್ಲ. ನಾವು ಯಾವತ್ತೂ ಹಿಟ್ಟಿಗೆ ಕೈ ಹಾಕಿರಲಿಲ್ಲ, ಅಷ್ಟೇ.

ಆದ್ದರಿಂದ ಈ ದಂಡ ಬಿಡೋಣ. ಮಿಕ್ಸ್ ಮಾಡಿ ಮಾತಾಡುವ ಜೂನಿಯರ್ ಹೆದರಿ ಬಾಯಿ ಮುಚ್ಚಿದರೆ ಅವನ ಹತ್ತಿರ ಇರುವಷ್ಟು ಕನ್ನಡವೂ ಹೋಗುತ್ತೆ. ಬದಲಿಗೆ ಮುಂದಿನ ಸಭೆಗೆ ಒಬ್ಬೊಬ್ಬರೂ ಮನೆಯ ಅಡುಗೆಮನೆಯಿಂದ, ತಮಗೆ ಗೊತ್ತಿಲ್ಲದ ಒಂದು ಪದ ಕೇಳಿಕೊಂಡು ಬರೋಣ.